ಮೂರನೇ ತಿಂಗಳಿಗೂ ಹೋಗಬೇಕು: ಕೂಸು ಕಳೆದುಕೊಂಡ ಮನೆಗಳಿಗಾಗಿ ಸಣ್ಣ ಸಂಸ್ಥೆ ನಡೆಸುವವರಿಗೆ

ನಮ್ಮ ಕಡೆ ದೊಡ್ಡವರು ತೀರಿಕೊಂಡರೆ ಮನೆ ಮುಂದೆ ಟೆಂಟ್ ಬೀಳುತ್ತದೆ, ಕುರ್ಚಿ ಬರುತ್ತವೆ, ಊರಿಂದೂರಿಗೆ ಫೋನ್ ಹೋಗುತ್ತದೆ. ಒಲೆ ಹಚ್ಚದ ಮನೆಗೆ ಓಣಿಯವರು ರೊಟ್ಟಿ, ಪಲ್ಯ ಕಳಿಸುತ್ತಾರೆ. ಕೂಸು ಹೋದರೆ ಇದ್ಯಾವುದೂ ಇಲ್ಲ. ಇಬ್ಬರು ಗಂಡಸರು ಹೋಗಿ ಮಣ್ಣು ಮಾಡಿ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿಗೆ ಆ ಜಾಗವನ್ನೂ ತೋರಿಸುವುದಿಲ್ಲ. ವಾರದೊಳಗೆ "ಆಯ್ತು ಬಿಡವ್ವ, ಮುಂದ ಆಗ್ತಾವ" ಅನ್ನುವ ಮಾತಿಗೆ ಎಲ್ಲ ಮುಗಿದುಹೋಗುತ್ತದೆ.

ಇಂಥ ಮನೆಗಳಿಗೆ ಹೋಗಿ ಬರುವ ಒಂದು ಸಣ್ಣ ಸಂಸ್ಥೆಯನ್ನು ನಾನು ಕಲಬುರಗಿಯಲ್ಲಿ ನಡೆಸುತ್ತೇನೆ. ಓದಿದ್ದು ಪಿಯುಸಿ, ಕಸುಬು ಹೊಲಿಗೆ. ಸೂಪರ್ ಮಾರ್ಕೆಟ್ ಕಡೆ ಬ್ಲೌಸ್ ಹೊಲಿಯುವ ಅಂಗಡಿ ಇದೆ. ನನ್ನ ಮೊದಲ ಕೂಸು ದಿನ ತುಂಬುವ ಮೊದಲೇ ಹುಟ್ಟಿ ಉಳಿಯಲಿಲ್ಲ. ಈ ಕೆಲಸಕ್ಕೆ ನನಗಿರುವ ಅರ್ಹತೆ ಅಷ್ಟೇ. ಈಗ ಬೀದರಿನಿಂದ, ಯಾದಗಿರಿಯಿಂದ "ನಮ್ಮ ಕಡೆನೂ ಇಂಥಾದ್ದೊಂದು ಮಾಡಬೇಕ್ರಿ ಅಕ್ಕೋರ, ಹೆಂಗ ಶುರು ಮಾಡೋದು ಹೇಳ್ರಿ" ಎಂದು ಕೇಳುವವರಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ವಾರ ಯಾರಾದರೂ ಬರುತ್ತಾರೆ. ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ. ಸಂಸ್ಥೆಯ ರೊಕ್ಕ, ಮಂದಿ, ವಹಿ (ಭೇಟಿ ಬರೆದಿಡುವ ಪುಸ್ತಕ) ಎಲ್ಲವನ್ನೂ ಆ ಮೂರನೇ ತಿಂಗಳ ಭೇಟಿ ತಪ್ಪದಂತೆ ಹೊಂದಿಸುವುದೇ ನಡೆಸುವವರ ಕೆಲಸ. ಸಮಾಧಾನ ಹೇಳುವುದು ಆಮೇಲಿನ ಮಾತು.

ಎಷ್ಟು ದೂರ, ಯಾರ ಮನೆ

ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಗರ್ಭಪಾತದ ಹಂತ ದಾಟಿದ ಮೇಲೆ ಹೊಟ್ಟೆಯಲ್ಲೇ ಹೋದದ್ದು ನಿರ್ಜೀವ ಜನನ, ಹುಟ್ಟಿ 28 ದಿನದೊಳಗೆ ಹೋದದ್ದು ನವಜಾತ ಶಿಶು ಮರಣ, ವರ್ಷದೊಳಗೆ ಹೋದದ್ದು ಶಿಶು ಮರಣ. ತಾಯಿಗೆ ಈ ಗೆರೆಗಳು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಸಂಸ್ಥೆಗೆ ಒಂದು ಗೆರೆ ಬೇಕು. ನಾವು ಹಾಕಿಕೊಂಡದ್ದು ಇಷ್ಟು: ಕೂಸು ಹೊಟ್ಟೆಯಲ್ಲಿ ಮಿಸುಕಾಡಿದ್ದು ತಾಯಿಗೆ ತಿಳಿದ ಮೇಲಿಂದ ಹಿಡಿದು ಮೊದಲ ಹುಟ್ಟುಹಬ್ಬದವರೆಗೆ. ಅದಕ್ಕೂ ಮುಂಚೆ ಗರ್ಭ ಇಳಿದವರು ಫೋನ್ ಮಾಡಿದರೆ ಮಾತಾಡುತ್ತೇವೆ, ಸಭೆಗೆ ಕರೆಯುತ್ತೇವೆ, ಮನೆಗೆ ಹೋಗುವುದಿಲ್ಲ. ಬಾವಿಗೆ ಬಿದ್ದ ಐದು ವರ್ಷದ ಹುಡುಗನ ಮನೆಯವರು ಕರೆದಾಗ ಇಲ್ಲ ಅನ್ನುವುದು ಕಷ್ಟ. ಆದರೂ ಅನ್ನಬೇಕು. ಎಲ್ಲರ ದುಃಖಕ್ಕೂ ಓಡುವ ಸಂಸ್ಥೆ ಆರು ತಿಂಗಳಲ್ಲಿ ಯಾರ ಮನೆಗೂ ಎರಡನೇ ಸಲ ಹೋಗದ ಸಂಸ್ಥೆಯಾಗುತ್ತದೆ.

ದೂರದ್ದೂ ಹಾಗೆಯೇ. ಬೆಳಗ್ಗೆ ಬಸ್ ಹತ್ತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವಂತಿರಬೇಕು. ನಮಗೆ ಕಲಬುರಗಿ ಶಹರ, ಕಮಲಾಪುರ, ಶಹಾಬಾದ, ಆಳಂದ, ಜೇವರ್ಗಿ ಸಾಕು. ಚಿಂಚೋಳಿಯಿಂದ ಕರೆ ಬಂದರೆ ಫೋನಿನಲ್ಲೇ ಜೊತೆಗಿರುತ್ತೇವೆ, ಆ ಊರಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ ಮಾತಾಡುತ್ತೇವೆ. ಬೀದರಿನವರು ಔರಾದ್ ತನಕ, ಯಾದಗಿರಿಯವರು ಸುರಪುರ ತನಕ ಹೋಗಬಲ್ಲಿರಾ ಎಂದು ಮೊದಲೇ ಬಸ್ ಟೈಮ್ ನೋಡಿ ನಿರ್ಧರಿಸಿಕೊಳ್ಳಿ.

ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಕನಿಷ್ಠ ಏಳು ಮಂದಿ ಬೇಕು. ಜಿಲ್ಲಾ ಕೇಂದ್ರದಲ್ಲಿ ಸಂಘಗಳ ನೋಂದಣಾಧಿಕಾರಿ ಕಚೇರಿ ಇದೆ. ಏಳು ಮಂದಿಯಲ್ಲಿ ನಾಲ್ವರು ನಿಮ್ಮ ಮನೆಯವರೇ ಆಗಬಾರದು. ಮುಂದೆ ಲೆಕ್ಕ ಕೇಳುವವರು ಇರುವುದಿಲ್ಲ. ಬೈಲಾದ (ಸಂಘದ ನಿಯಮಾವಳಿಯ) ಉದ್ದೇಶದಲ್ಲಿ "ಚಿಕಿತ್ಸೆ" ಎಂದು ಬರೆಯಬೇಡಿ, "ಬೆಂಬಲ" ಎಂದು ಬರೆಯಿರಿ. ಪ್ಯಾನ್ ಮಾಡಿಸಿ, ಇಬ್ಬರ ಸಹಿ ಇಲ್ಲದೆ ರೊಕ್ಕ ಹೊರಬೀಳದಂತೆ ಬ್ಯಾಂಕ್ ಖಾತೆ ತೆರೆಯಿರಿ. ಸಂಸ್ಥೆಗೂ ದಾನಿಗೂ ಆದಾಯ ತೆರಿಗೆ ರಿಯಾಯಿತಿ ಸಿಗುವ ನೋಂದಣಿಯ (1961ರ ಕಾಯ್ದೆಯಲ್ಲಿ 12ಎ, 80ಜಿ) ಕೆಲಸವನ್ನು ಒಬ್ಬ ಸಿಎ ಕೈಗೆ ಕೊಡಿ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ದಾನಿಗೆ ಆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನು ದಾನಿಗಳಿಗೆ ಮೊದಲೇ ಹೇಳಿ. ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ರೊಕ್ಕ ಬೇಕಾದರೆ ಸಿಎಸ್‌ಆರ್-1 ನೋಂದಣಿ ಆಗಿರಬೇಕು. ದುಬೈನಲ್ಲಿರುವ ನಿಮ್ಮೂರ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ದುಡಿಮೆಯ ರೊಕ್ಕವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರು ಕಳಿಸಿದರೆ ಹೌದು, ಅದಕ್ಕೆ ವಿದೇಶಿ ದೇಣಿಗೆ ಪಡೆಯುವ ನೋಂದಣಿ, ಅಂದರೆ ಎಫ್‌ಸಿಆರ್‌ಎ ಬೇಕು. ಸಣ್ಣ ಸಂಸ್ಥೆಗೆ ಆ ಉಸಾಬರಿ ಬೇಡ, ಕೈಮುಗಿದು ವಾಪಸ್ ಕಳಿಸಿ.

ಹೋಗುವವರನ್ನು ಆರಿಸುವುದು

ನನ್ನ ವೇಳೆಯ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಒಳ್ಳೆ ಮನಸ್ಸಿನವರು ಬೇಕಾದಷ್ಟು ಸಿಗುತ್ತಾರೆ. ಒಳ್ಳೆ ಮನಸ್ಸಿದ್ದೂ ಬಾಯಿ ಮುಚ್ಚಿಕೊಂಡು ಕೂಡುವವರು ಅಪರೂಪ.

ಸೇರಬೇಕೆಂದು ಬಂದವರನ್ನು ಅಂಗಡಿಯಲ್ಲಿ ಕೂಡಿಸಿ, ಚಹಾ ಕೊಟ್ಟು, "ಈ ಬ್ಲೌಸಿಗೆ ಹುಕ್ಕು ಹಚ್ಚಿ ಮುಗಿಸ್ತೀನಿ, ಸ್ವಲ್ಪ ಕೂಡ್ರಿ" ಎಂದು ಸುಮ್ಮನೆ ನನ್ನ ಕೆಲಸ ಮಾಡುತ್ತೇನೆ. ಕೆಲವರು ಎರಡನೇ ಹುಕ್ಕಿಗೇ ಮಾತು ಶುರು ಮಾಡುತ್ತಾರೆ: ಬಿಸಿಲು, ತೊಗರಿ ರೇಟು, ಸೊಸೆ. ಕೆಲವರು ಸುಮ್ಮನೆ ಕೂಡುತ್ತಾರೆ, ಬಿದ್ದ ಹುಕ್ಕು ಹೆಕ್ಕಿ ಕೈಗೆ ಕೊಡುತ್ತಾರೆ. ಮನೆಗಳಿಗೆ ಹೋಗುವವರು ಇವರು. ಮೊದಲಿನವರು ಕೆಲಸಕ್ಕೆ ಬಾರದವರಲ್ಲ. ದವಾಖಾನೆಯಲ್ಲಿ, ಪಂಚಾಯಿತಿಯಲ್ಲಿ, ದಾನಿಗಳ ಹತ್ತಿರ ಮಾತಾಡಲು ಅವರೇ ಬೇಕು.

ತಾನೇ ಕೂಸು ಕಳೆದುಕೊಂಡವಳು ಬಂದರೆ ವರ್ಷ ತುಂಬುವ ತನಕ ಮನೆಗಳಿಗೆ ಕಳಿಸಬೇಡಿ. ವರ್ಷವಾದ ಮೇಲೂ ಒಂದು ನಿಯಮ: ನಿನ್ನ ಕಥೆಯನ್ನು ಕೇಳಿದರೆ ಮಾತ್ರ ಹೇಳು, ಅದೂ ನಾಲ್ಕು ಮಾತಿನಲ್ಲಿ. ಆ ಮನೆಯ ಅಂಗಳದಲ್ಲಿ ಅವರ ಕೂಸಿಗೆ ಮಾತ್ರ ಜಾಗ.

ಜೋಡಿಯಾಗಿಯೇ ಕಳಿಸಿ. ಇಬ್ಬರಲ್ಲಿ ಒಬ್ಬರಿಗಾದರೂ ಆ ಮನೆಯ ಮಾತು ಬರಬೇಕು. ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಶಹರದಲ್ಲಿ ಉರ್ದು ಬೇಕು, ತಾಂಡಾಗಳಿಗೆ ಲಂಬಾಣಿ ಬೇಕು, ಆಳಂದ ಮತ್ತು ಬಸವಕಲ್ಯಾಣದ ಕಡೆ ಮರಾಠಿ, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು. ಕನ್ನಡ ಬಂದರೂ ಅಳುವುದಕ್ಕೆ ತನ್ನ ಮಾತೇ ಬೇಕಾಗುತ್ತದೆ.

ಗಂಡಸರನ್ನೂ ಸೇರಿಸಿಕೊಳ್ಳಿ. ಹೆಂಗಸರು ಒಳಗೆ ಕೂತಾಗ ತಂದೆ ಹೊರಗೆ ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಾನೆ. ಮಣ್ಣು ಮಾಡಿ ಬಂದವನು ಅವನು. ಅವನ ಪಕ್ಕ ಕೂತು ಅಡಿಕೆ ಕೊಟ್ಟು ಸುಮ್ಮನಿರುವ ಇನ್ನೊಬ್ಬ ಗಂಡಸು ಬೇಕು. ನಮ್ಮಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾರೆ, ಇಡೀ ಸಂಸ್ಥೆಯಲ್ಲಿ ಅವರಷ್ಟು ಕೆಲಸಕ್ಕೆ ಬಂದವರು ಇನ್ನೊಬ್ಬರಿಲ್ಲ.

ತರಬೇತಿ ಎಂದರೆ ನಮ್ಮಲ್ಲಿ ದೊಡ್ಡದೇನಿಲ್ಲ. ಆಡಬಾರದ ಮಾತುಗಳನ್ನು ಗಟ್ಟಿಯಾಗಿ ಆಡಿಸುತ್ತೇನೆ, ಕಿವಿಗೆ ಬಿದ್ದಾಗ ಹೇಗಿರುತ್ತದೆಂದು ಅವರಿಗೇ ತಿಳಿಯಲಿ ಎಂದು. "ದೊಡ್ಡದಾಗಿ ಹೋಗಿದ್ರ ಇನ್ನಾ ತ್ರಾಸ ಆಗ್ತಿತ್ತು." "ದೇವ್ರು ಕೊಟ್ಟಿದ್ದ, ದೇವ್ರು ಒಯ್ದ." "ಹೆಣ್ಣಂತಲ್ಲ, ಹೋಗ್ಲಿ ಬಿಡು." ಕೊನೆಯದನ್ನು ಆಡುವವರು ನಮ್ಮ ಓಣಿಗಳಲ್ಲಿ ಈಗಲೂ ಇದ್ದಾರೆ. "ಹೊಟ್ಟೀಲಿದ್ದಾಗ ಏನರ ತಿಂದಿದ್ದೇನು? ಗ್ರಹಣ ನೋಡಿದ್ದೇನು?" ಎಂದು ಕಾರಣ ಹುಡುಕುವುದಂತೂ ತಾಯಿಯ ಮೇಲೆ ಅಪರಾಧ ಹೊರಿಸಿದಂತೆಯೇ. ಇವೆಲ್ಲದರ ಬದಲು ಒಂದೇ ಪ್ರಶ್ನೆ ಕಲಿಸುತ್ತೇನೆ: "ಕೂಸು ಯಾರ ಹಂಗ ಇತ್ತವ್ವ?" ಬಹಳ ತಾಯಂದಿರಿಗೆ ಇದನ್ನು ಯಾರೂ ಕೇಳಿರುವುದಿಲ್ಲ. ಕೂದಲು ದಟ್ಟಗಿತ್ತು, ಮೂಗು ಅವರಪ್ಪನದು, ಕೈಬೆರಳು ಉದ್ದ ಇದ್ದವು ಎಂದು ಹೇಳುತ್ತಾ ಹೋಗುತ್ತಾರೆ. ಕೂಸನ್ನು ನೋಡಲು ಬಿಟ್ಟಿಲ್ಲದವಳಾದರೆ ಅದೂ ಆಗಲೇ ಹೊರಬರುತ್ತದೆ. ಆಗ ನೋಡಿದವರು ಯಾರು ಎಂದು ಕೇಳಿ, ಅವರನ್ನು ಕರೆದು ಕೂಡಿಸಿ, ಅವರಿಂದಲೇ ಹೇಳಿಸಬೇಕು.

ಒಬ್ಬರ ಕೈಯಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಮನೆ ಇರಬಾರದು. ಬಸ್ಸು, ಆಟೋ, ರೀಚಾರ್ಜ್ ರೊಕ್ಕ ಮುಂಗಡವಾಗಿ ಕೊಡಿ. ಚೀಟಿ ತಂದರೆ ಕೊಡುತ್ತೇವೆ ಎಂದರೆ ಬಡ ಸ್ವಯಂಸೇವಕಿ ಮೂರನೇ ತಿಂಗಳ ಭೇಟಿಯನ್ನು ನಾಚಿಕೆಯಿಂದಲೇ ಮುಂದೂಡುತ್ತಾಳೆ. ಸೋಮವಾರ ಸಂಜೆ ಎಲ್ಲರೂ ಅಂಗಡಿಗೆ ಬಂದು ಹೋದ ಮನೆಯ ಮಾತು ಇಳಿಸಿ ಹೋಗಬೇಕು. ಅಲ್ಲಿ ಆಡಿದ್ದು ಅವರವರ ಗಂಡಂದಿರ ಕಿವಿಗೂ ಬೀಳಬಾರದು. ಕಾರ್ಯಕರ್ತೆ ತಾನೇ ಬಸುರಿಯಾದರೆ ಭೇಟಿ ನಿಲ್ಲಿಸಿ ವಹಿ ಬರೆಯುವ ಕೆಲಸಕ್ಕೆ ಬರಲಿ.

ದವಾಖಾನೆಯ ಬಾಗಿಲು

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಗಳು. ಸುತ್ತಲಿನ ತಾಲೂಕುಗಳಿಂದ ಕಷ್ಟದ ಹೆರಿಗೆ, ದಿನ ತುಂಬದ ಕೂಸುಗಳು ಬರುವುದು ಇಂಥಲ್ಲಿಗೆ. ಸರ್ಕಾರಿ ದವಾಖಾನೆಯಾಗಲಿ ಖಾಸಗಿಯಾಗಲಿ, ಮೊದಲ ಸಲ ಸಂಸ್ಥೆಯ ಪತ್ರ ಹಿಡಿದು ವೈದ್ಯಕೀಯ ಅಧೀಕ್ಷಕರನ್ನು ಕಾಣಿ, ಎರಡನೇ ಸಲ ಪತ್ರವಿಲ್ಲದೆ ಹೆರಿಗೆ ವಾರ್ಡಿನ ಮತ್ತು ನವಜಾತ ಕೂಸುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯು ಸಿಸ್ಟರ್‌ಗಳನ್ನು ಕಾಣಿ. ಕೆಲಸ ಆಗುವುದು ಎರಡನೇ ಭೇಟಿಯಲ್ಲಿ.

ಹೆಸರಿನ ಪಟ್ಟಿ ಕೇಳಬೇಡಿ. ಅವರು ಕೊಡಬಾರದು, ನೀವು ತೆಗೆದುಕೊಳ್ಳಬಾರದು. ನಿಮ್ಮ ಫೋನ್ ನಂಬರಿನ ಚೀಟಿ ಬಿಟ್ಟು ಬನ್ನಿ. ಕರೆಯುವುದು ಮನೆಯವರ ಇಷ್ಟ.

ಜೊತೆಗೆ ಹೋದ ಕೂಸಿಗೆ ತೊಡಿಸುವ ಬಟ್ಟೆಯ ಒಂದು ಗಂಟು ಬಿಟ್ಟು ಬರುತ್ತೇವೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ನನ್ನ ಕಸುಬು. ಒಂದು ಕಿಲೋ ತೂಗದ ಕೂಸಿಗೆ ಪೇಟೆಯ ಜಬಲಾ (ಕೂಸಿನ ಅಂಗಿ) ಎಂದರೆ ಒಂದರೊಳಗೆ ಎರಡು ಕೂಸು ಹಿಡಿಸುವಷ್ಟು ದೊಡ್ಡದು. ಎದೆ ಸುತ್ತು ಒಂಬತ್ತರಿಂದ ಹತ್ತು ಇಂಚು ಇಟ್ಟು ಹೊಲಿಯಬೇಕು. ಬಟ್ಟೆ ಮಲಮಲ್, ಗಂಜಿ ಹೋಗುವಂತೆ ಎರಡು ಸಲ ಒಗೆದದ್ದು. ಮುಂದುಗಡೆ ಪೂರ್ತಿ ತೆರೆದಿರಬೇಕು, ತೋಳು ಹೆಗಲ ತನಕ ಬಿಚ್ಚಿಕೊಳ್ಳುವಂತಿರಬೇಕು, ಏಕೆಂದರೆ ಆ ಕೈಗಳನ್ನು ಮಡಚಿ ತೋಳಿನೊಳಗೆ ತೂರಿಸಲು ಆಗುವುದಿಲ್ಲ. ಗುಂಡಿ ಬೇಡ, ಕಸಿ ಇರಲಿ. ಹೊಲಿಗೆಯ ಅಂಚು ಹೊರಮಗ್ಗುಲಿಗೆ ಬರಲಿ. ದಿನ ತುಂಬದ ಕೂಸಿನ ಚರ್ಮ ಒಳಅಂಚು ತಾಗಿದರೂ ಸುಲಿಯುತ್ತದೆ. ಮೂರು ಅಳತೆಯಲ್ಲಿ ಹೊಲಿದಿಡಿ. ಮುಸಲ್ಮಾನರ ಕಫನ್‌ಗೆ ಹೊಲಿದ ಬಟ್ಟೆ ಬಳಸುವುದಿಲ್ಲ, ಅದಕ್ಕೆ ಹೊಲಿಯದ ಬಿಳಿ ಬಟ್ಟೆಯ ತುಂಡೂ ಗಂಟಿನಲ್ಲಿರಬೇಕು. ಸಿಕ್ಕ ಬಟ್ಟೆಯಲ್ಲಿ, ರಟ್ಟಿನ ಡಬ್ಬಿಯಲ್ಲಿ ಕೂಸನ್ನು ಒಯ್ಯುವ ಸ್ಥಿತಿ ಯಾವ ತಂದೆಗೂ ಬರಬಾರದು.

ಗಂಟಿನಲ್ಲಿ ಒಂದು ದಪ್ಪ ಕಾಗದ ಮತ್ತು ಸಣ್ಣ ಸ್ಟಾಂಪ್ ಪ್ಯಾಡ್ ಕೂಡ ಇಡುತ್ತೇವೆ. ಮನೆಯವರು ಒಪ್ಪಿದರೆ ಸಿಸ್ಟರ್ ಕೂಸಿನ ಪಾದದ ಗುರುತು ತೆಗೆದುಕೊಡುತ್ತಾರೆ. ಕೆಲವು ಅಜ್ಜಿಯಂದಿರು ಅಂಥದ್ದು ಮನೆಯಲ್ಲಿ ಇರಕೂಡದು ಅನ್ನುತ್ತಾರೆ. ವಾದ ಬೇಡ. ಲಕೋಟೆಯಲ್ಲಿ ಹಾಕಿ, ತಾಯಿಯ ಹೆಸರು ಬರೆದು, ಸಂಸ್ಥೆಯ ಕಪಾಟಿನಲ್ಲಿ ಇಡಿ. ವರ್ಷ ಕಳೆದ ಮೇಲೆ ಬಂದು ಕೇಳುವವರಿದ್ದಾರೆ.

ಕೂಸು ಯಾಕೆ ಹೋಯಿತು ಎಂಬುದರ ಬಗ್ಗೆ ನಿಮ್ಮವರು ಒಂದು ಮಾತೂ ಆಡಬಾರದು. "ಡಾಕ್ಟರ್ ಲಕ್ಷ್ಯ ಮಾಡಲಿಲ್ಲ" ಅನ್ನುವುದೂ ತಪ್ಪು, "ಅವರದೇನು ತಪ್ಪಿಲ್ಲ" ಅನ್ನುವುದೂ ತಪ್ಪು. ಮನೆಯವರಿಗೆ ಸಂಶಯವಿದ್ದರೆ ಬರಹದಲ್ಲಿ ಕೇಳಿ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕಿದೆ, ವೈದ್ಯರ ನಡತೆಯ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು, ಅಷ್ಟು ಹೇಳಿ. ಮುಂದಿನದು ಅವರದು. ನೀವು ಒಂದು ಸಲ ದವಾಖಾನೆ ಎದುರು ಧರಣಿ ಕೂತರೆ ವಾರ್ಡಿನ ಬಾಗಿಲು ಮುಂದಿನ ನೂರು ತಾಯಂದಿರಿಗೂ ಮುಚ್ಚುತ್ತದೆ.

ಹೆಣ ಒಯ್ಯುವ ಗಾಡಿಗೆ ಎಂದು ಒಂದಿಷ್ಟು ನಗದು ದವಾಖಾನೆಗೆ ಹತ್ತಿರವಿರುವ ಕಾರ್ಯಕರ್ತರೊಬ್ಬರ ಕೈಯಲ್ಲಿ ಸದಾ ಇರಲಿ. ರಾತ್ರಿ ಎರಡು ಗಂಟೆಗೆ ಆಟೋದವನು ಕೇಳಿದಷ್ಟು ಕೊಡಬೇಕಾಗುತ್ತದೆ. ಬಾಣಂತಿ ಮತ್ತು ಕೂಸನ್ನು ಮನೆ ಮುಟ್ಟಿಸುವ ಸರ್ಕಾರಿ ಗಾಡಿ ಇದೆ, ಆದರೆ ಅದರ ಹೆಸರು "ನಗು-ಮಗು". ಬರಿಗೈಲಿ ಹೋಗುವವಳನ್ನು ಅದರಲ್ಲಿ ಕೂಡಿಸಲು ನನಗೆ ಮನಸ್ಸು ಬರುವುದಿಲ್ಲ.

ಮೊದಲ ನಲವತ್ತು ದಿನ

ಮೊದಲ ವಾರ ಫೋನ್ ಸಾಕು. ಮನೆ ತುಂಬ ಮಂದಿ ಇರುತ್ತಾರೆ. ಆದರೆ ಫೋನಿನಲ್ಲಿ ಎರಡು ವಿಷಯ ತಪ್ಪದೆ ಹೇಳಬೇಕು.

ಒಂದು ಹಾಲು. ಕೂಸಿಲ್ಲದಿದ್ದರೂ ಹೆರಿಗೆಯಾಗಿ ಎರಡು-ಮೂರು ದಿನಕ್ಕೆ ಎದೆ ತುಂಬುತ್ತದೆ. ಯಾರೂ ಮುಂಚೆ ಹೇಳಿರುವುದಿಲ್ಲ, ತಾಯಿ ಬೆಚ್ಚಿಬೀಳುತ್ತಾಳೆ. ಬಟ್ಟೆಯಿಂದ ಬಿಗಿದು ಕಟ್ಟುವ ರೂಢಿ ನಮ್ಮಲ್ಲಿದೆ. ಹಾಗೆ ಕಟ್ಟಿದರೆ ಹಾಲು ಗಟ್ಟಿಯಾಗಿ ಬಾವು ಬರುವ ಅಪಾಯವಿದೆ. ಮೈಗೆ ಸರಿಹೊಂದುವ ಒಳಉಡುಪು, ತಣ್ಣೀರ ಬಟ್ಟೆ, ಬಿಗಿತ ತಾಳಲಾರದಾಗ ಸ್ವಲ್ಪವೇ ಹಿಂಡಿ ತೆಗೆಯುವುದು. ಪೂರ್ತಿ ಹಿಂಡಿದರೆ ಮತ್ತೆ ತುಂಬುತ್ತದೆ. ಹಾಲು ನಿಲ್ಲಿಸುವ ಗುಳಿಗೆಗಳಿವೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಎದೆ ಕೆಂಪಾಗಿ ಜ್ವರ ಬಂದರೆ, ರಕ್ತಸ್ರಾವ ಹೆಚ್ಚಾದರೆ, ಸ್ರಾವಕ್ಕೆ ದುರ್ವಾಸನೆ ಬಂದರೆ ಅದೇ ದಿನ ದವಾಖಾನೆಗೆ.

ಇನ್ನೊಂದು ನೋಂದಣಿ. ಹುಟ್ಟಿ ಒಂದು ಗಳಿಗೆ ಉಸಿರಾಡಿದ್ದರೂ ಆ ಕೂಸಿನ ಜನನವನ್ನೂ ಮರಣವನ್ನೂ ಎರಡನ್ನೂ ನೋಂದಾಯಿಸಬೇಕು. ನಿರ್ಜೀವ ಜನನಕ್ಕೆ ಬೇರೆಯೇ ನಮೂನೆ ಇದೆ. 21 ದಿನದೊಳಗಾದರೆ ಶುಲ್ಕವಿಲ್ಲ. ದವಾಖಾನೆಯಲ್ಲಾದ ಹೆರಿಗೆಯನ್ನು ದವಾಖಾನೆಯವರೇ ತಿಳಿಸುತ್ತಾರೆ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಲಿ. ಮನೆಯಲ್ಲಾದದ್ದಕ್ಕೆ ಊರಿನ ನೋಂದಣಾಧಿಕಾರಿ ಹತ್ತಿರ ಯಾರಾದರೂ ಹೋಗಬೇಕು. "ಹೋದ ಕೂಸಿಗೆ ಎಂಥ ಸರ್ಟಿಫಿಕೇಟು" ಎನ್ನುವ ತಂದೆಗೆ ಒತ್ತಾಯ ಮಾಡಬೇಡಿ, ನೀವೇ ಜೊತೆಗೆ ಹೋಗಿ ಮಾಡಿಸಿಕೊಡಿ. ತಾಯಿ ನೌಕರಿಯಲ್ಲಿದ್ದರೆ ರಜೆಗೂ ಈ ಕಾಗದ ಬೇಕು. ಕೇಂದ್ರ ಸರ್ಕಾರದ ನೌಕರಿಯವರಿಗೆ 2022ರ ಆದೇಶದಂತೆ ಕೂಸು ಹುಟ್ಟುವ ಮೊದಲು ಅಥವಾ ಹುಟ್ಟಿದ ಕೂಡಲೇ ಹೋದರೆ 60 ದಿನ ವಿಶೇಷ ಹೆರಿಗೆ ರಜೆ ಇದೆ, ಷರತ್ತುಗಳಿವೆ. ಹತ್ತಿ ಬಿಡಿಸಲು ಹೋಗುವವಳಿಗೆ ಯಾವ ರಜೆಯೂ ಇಲ್ಲ.

ಎರಡನೇ ವಾರದ ಹೊತ್ತಿಗೆ ಮನೆಗೆ ಹೋಗಿ. ಹೋದಾಗ ಅಡುಗೆಮನೆ ಕಡೆ ಲಕ್ಷ್ಯವಿರಲಿ. ನಮ್ಮಲ್ಲಿ ಕೂಸಿಲ್ಲದ ಬಾಣಂತಿಗೆ ಬಾಣಂತನ ಇರುವುದಿಲ್ಲ. ಎಣ್ಣೆ-ನೀರು ನಿಂತಿರುತ್ತದೆ, ಅಳವಿ ಪಾಯಸ, ಖಾರ, ತುಪ್ಪ ಯಾವುದೂ ಇರುವುದಿಲ್ಲ, ಹದಿನೈದನೇ ದಿನಕ್ಕೆ ಕೊಡ ಹೊತ್ತು ನೀರಿಗೆ ಹೋಗುತ್ತಿರುತ್ತಾಳೆ. ಅತ್ತೆ ಕೆಟ್ಟವಳು ಎಂದೇನಲ್ಲ. ಬಾಣಂತನ ಕೂಸಿಗಾಗಿ ಎಂದು ಆಕೆ ತಿಳಿದಿರುತ್ತಾಳೆ. "ಆಯಿ, ಇಕಿ ಮೈ ಇನ್ನಾ ಹಸಿ ಅದ. ನಲವತ್ತು ದಿನ ಇಕಿನೂ ಬಾಣಂತಿನೇ" ಎಂದು ಕಾರ್ಯಕರ್ತೆಯರಲ್ಲಿ ವಯಸ್ಸಾದವರು ಹೇಳಿದರೆ ಕೇಳುತ್ತಾರೆ. ಆಶಾ ಕಾರ್ಯಕರ್ತೆ ದವಾಖಾನೆಯ ಹೆರಿಗೆಯಾದ ಮನೆಗೆ 42ನೇ ದಿನದವರೆಗೆ ಆರು ಸಲ ಬರಬೇಕು. ಕೂಸು ಹೋದ ಮನೆಗೆ ಬರಲು ಆಕೆಗೂ ಮುಜುಗರ. ನೀವು ಜೊತೆಗೆ ಕರೆದುಕೊಂಡು ಹೋಗಿ. ರಕ್ತಹೀನತೆ, ಕಬ್ಬಿಣದ ಗುಳಿಗೆ, ಹೊಲಿಗೆ ಹಾಕಿದ ಗಾಯ ನೋಡುವುದು ಆಕೆಗೆ ಗೊತ್ತು.

ಮೊದಲ ಹೆರಿಗೆ ತವರಲ್ಲಿ ಎಂಬ ರೂಢಿಯಿಂದ ಇನ್ನೊಂದು ತೊಡಕಿದೆ. ಕೂಸು ಹೋದದ್ದು ತವರಿನಲ್ಲಿ, ಕೇಳುವವರು ಗಂಡನ ಮನೆಯವರು. "ನಿಮ್ಮ ಕೈಗೆ ಕೊಟ್ಟಿದ್ವಿ" ಎಂಬ ಮಾತು ಬಂದೇ ಬರುತ್ತದೆ. ತಾಯಿಯ ತಾಯಿ, ಆ ಅಜ್ಜಿ, ಮಗಳ ಮುಂದೆಯೂ ಅಳಲಾರದೆ ಬೀಗರ ಮುಂದೆಯೂ ಅಳಲಾರದೆ ಒಲೆ ಮುಂದೆ ಕೂತಿರುತ್ತಾಳೆ. ವಹಿಯಲ್ಲಿ ಆಕೆಯ ಹೆಸರನ್ನೂ ಬರೆಯಿರಿ. ಭೇಟಿ ಎರಡು ಮನೆಗೂ ಆಗಬೇಕು, ತವರಿಗೊಂದು, ಗಂಡನ ಮನೆಗೊಂದು. ಗಂಡ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯಲು ಹೋದವನಾದರೆ ಕಂಡಕ್ಟರ್ ಕಾಕಾ ಫೋನ್ ಮಾಡುತ್ತಾರೆ.

ವಹಿ ಮತ್ತು ಮೂರನೇ ತಿಂಗಳು

ನಮ್ಮ ವಹಿ ಉದ್ದನೆಯ ಲೆಜರ್ ಪುಸ್ತಕ. ಪ್ರತಿ ಮನೆಗೆ ಒಂದು ಪುಟ. ಬಲಗಡೆಯ ಕೊನೆಯ ಸಾಲು "ಮುಂದಿನ ತಾರೀಖು". ಅದು ಖಾಲಿ ಇದ್ದರೆ ಆ ಭೇಟಿಯ ಬಸ್ ರೊಕ್ಕ ಲೆಕ್ಕಕ್ಕೆ ಸೇರುವುದಿಲ್ಲ. ಇದೊಂದು ನಿಯಮದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಮೊದಲ ಭೇಟಿಯ ದಿನವೇ ಮುಂದಿನ ಒಂದು ವರ್ಷದ ತಾರೀಖುಗಳನ್ನು ಬರೆದಿಡಿ. ನಲವತ್ತನೇ ದಿನ, ಮೂರನೇ ತಿಂಗಳು, ವರ್ಷ. ದಿನ ತುಂಬದೆ ಹುಟ್ಟಿದ್ದರೆ ಡಾಕ್ಟರ್ ಕೊಟ್ಟಿದ್ದ ಹೆರಿಗೆಯ ತಾರೀಖು; ಆ ದಿನ ತಾಯಿಗೆ ನೆನಪಿರುತ್ತದೆ, ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ನಾಗರ ಪಂಚಮಿಯನ್ನೂ ಬರೆಯಿರಿ. ಹೆಣ್ಣುಮಕ್ಕಳು ತವರಿಗೆ ಬಂದು, ಉಂಡಿ ಕಟ್ಟಿ, ಜೋಕಾಲಿ ಆಡುವ ಹಬ್ಬ. ಅಕ್ಕತಂಗಿಯರು ಕೂಸುಗಳನ್ನು ಎತ್ತಿಕೊಂಡು ಬಂದಿರುತ್ತಾರೆ. ಹಬ್ಬದ ಹಿಂದಿನ ದಿನ ಒಂದು ಫೋನ್ ಹೋಗಲಿ. ವಾರಗಿತ್ತಿಯ ಕುಬಸ, ನಾದಿನಿಯ ಮಗುವಿನ ತೊಟ್ಟಿಲು ಇಂಥವೂ ಗೊತ್ತಾದರೆ ಬರೆದಿಡಿ. ಇವಳನ್ನು ಕರೆಯದಿದ್ದರೂ ಕಷ್ಟ, ಕರೆದು ಹಿಂದೆ ನಿಲ್ಲಿಸಿದರೂ ಕಷ್ಟ.

ಮೂರನೇ ತಿಂಗಳಿಗೆ ಹೋದಾಗ ಮನೆ ಮೊದಲಿನಂತಾಗಿರುತ್ತದೆ. ಗಂಡ ಕೆಲಸಕ್ಕೆ ಹೋಗಿರುತ್ತಾನೆ, ಅತ್ತೆ ಕಾಳು ಹಸನು ಮಾಡುತ್ತಿರುತ್ತಾಳೆ. "ಈಗ ಆರಾಮ ಆಗ್ಯಾಳ್ರಿ" ಎಂದು ಬಾಗಿಲಲ್ಲೇ ಹೇಳುತ್ತಾಳೆ. ಒಳಗೆ ಹೋಗಿ ನೀವು ಕೂಸಿನ ಮಾತು ತೆಗೆದ ಕ್ಷಣ ಆ ಆರಾಮ ಎಂಥದ್ದು ಎಂದು ತಿಳಿಯುತ್ತದೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ದಿನವಿಡೀ ಮೈ ಭಾರವೇ ಎಂದು ಕೇಳಿ. "ನಾನೂ ಅದರ ಹಿಂದನ ಹೋಗ್ತೀನಿ" ಎಂಬಂಥ ಮಾತು ಕಿವಿಗೆ ಬಿದ್ದರೆ ನೇರವಾಗಿ ಕೇಳಬೇಕು: "ಜೀವಾ ಕಳಕೋಬೇಕಂತ ಅನಸ್ತದೇನವ್ವ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೌದು ಎಂದರೆ ಗುಟ್ಟು ಇಲ್ಲ. ಆಕೆಯನ್ನು ಒಬ್ಬಳೇ ಬಿಡದೆ ಮನೆಯವರಲ್ಲಿ ನಂಬುವಂಥ ಒಬ್ಬರಿಗೆ ಹೇಳಿ, ಅದೇ ದಿನ ದವಾಖಾನೆಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಎಲ್ಲಿ ಕೂಡುತ್ತಾರೆ ಎಂಬುದು ನಿಮ್ಮ ವಹಿಯ ಮೊದಲ ಪುಟದಲ್ಲಿರಲಿ.

ಸಭೆ, ರೊಕ್ಕ, ಫೋಟೋ

ತಿಂಗಳಿಗೊಂದು ಸಭೆ, ರವಿವಾರ, ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ. ದವಾಖಾನೆಯ ಆವರಣ ಬೇಡ, ಆ ಫಿನಾಯಿಲ್ ವಾಸನೆಗೇ ಹಿಂದೆ ಸರಿಯುವವರಿದ್ದಾರೆ. ಮಠ, ಚರ್ಚ್, ದರ್ಗಾದ ಸಭಾಂಗಣ ಪುಕ್ಕಟೆ ಸಿಗುತ್ತದೆ, ಆದರೂ ಬೇಡ. ಅರ್ಧ ಮಂದಿ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಿಂತೆ ಇಲ್ಲ, ಆಧಾರ್ ಇದ್ದರಾಯಿತು. ಟಿಕೆಟ್ ರೊಕ್ಕದ ನೆಪ ಹೇಳಿ ಮನೆಯಲ್ಲುಳಿಯುವ ಗಂಡಸರನ್ನು ಕಂಡಕ್ಟರ್ ಕಾಕಾ ಬೇರೆಯಾಗಿ ಚಹಾದಂಗಡಿಯಲ್ಲಿ ಕೂಡಿಸುತ್ತಾರೆ.

ಅಕ್ಟೋಬರ್ 15ನ್ನು ಹಲವು ದೇಶಗಳಲ್ಲಿ ಇಂಥ ಕೂಸುಗಳ ನೆನಪಿನ ದಿನವಾಗಿ ಆಚರಿಸುತ್ತಾರೆ, ಸಂಜೆ ಏಳಕ್ಕೆ ಮೇಣದಬತ್ತಿ ಹಚ್ಚುತ್ತಾರೆ. ನಮಗೆ ಅದು ದಸರಾ-ದೀಪಾವಳಿಯ ಗಡಿಬಿಡಿಯ ಹೊತ್ತು. ನಾವು ಜನವರಿ ಕೊನೆಗೆ, ತೊಗರಿ ರಾಶಿ ಮುಗಿದ ಮೇಲೆ, ಗುಳೆ ಹೋಗುವವರು ಊರು ಬಿಡುವ ಮುಂಚೆ ಸೇರುತ್ತೇವೆ.

ರೊಕ್ಕ ಕೊಡುವವರು ಫೋಟೋ ಕೇಳುತ್ತಾರೆ. ಬೇಳೆ ಮಿಲ್ಲಿನ ಸಾವಕಾರರೊಬ್ಬರು "ತಾಯಿ ಅಳೋದೊಂದು ವಿಡಿಯೋ ಇದ್ರ ಮಂದಿಗೆ ಮನಸ್ಸು ಕರಗ್ತದ" ಎಂದರು. ಕೊಡಲಿಲ್ಲ. ಮೊದಲ ದಿನದಿಂದಲೇ ಬೈಲಾದಲ್ಲಿ ಬರೆದಿಡಿ: ಯಾವ ಮನೆಯ ಫೋಟೋ, ಹೆಸರು, ಊರು ಹೊರಹೋಗುವುದಿಲ್ಲ. ದಾನಿಗಳಿಗೆ ತೋರಿಸಲು ಬೇರೆ ಇವೆ: ಎಷ್ಟು ಮನೆಗೆ ಮೂರನೇ ತಿಂಗಳ ಭೇಟಿ ಆಯಿತು, ಎಷ್ಟು ಗಂಟು ಹೋದವು, ಆಟೋಕ್ಕೆ ಎಷ್ಟಾಯಿತು. ಹೊಲಿದ ಆ ಸಣ್ಣ ಜಬಲಾವನ್ನು ಮೇಜಿನ ಮೇಲೆ ಇಟ್ಟು ಲೆಕ್ಕ ತೋರಿಸಿ. ಆ ಸಾವಕಾರರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಈಗ ವರ್ಷಕ್ಕೆ ಬೇಕಾದಷ್ಟು ಮಲಮಲ್ ಕೊಡಿಸುತ್ತಾರೆ. ರಾಜಕೀಯದವರು ಹುಟ್ಟುಹಬ್ಬಕ್ಕೆ ಕಂಬಳಿ ಹಂಚಲು ಕರೆದರೆ ಹೋಗಬೇಡಿ.

ಸಂಸ್ಥೆಯ ಫೋನ್ ಬೇರೆ ಇರಲಿ, ನಿಮ್ಮ ಸ್ವಂತದ್ದು ಬೇಡ. ರಾತ್ರಿಯ ಪಾಳಿ ಹಂಚಿಕೊಳ್ಳಿ. ಬ್ಯಾಂಕಿನ ಸಹಿ, ವಹಿ, ಕಪಾಟಿನ ಕೀಲಿ ಮೂರೂ ಗೊತ್ತಿರುವ ಇನ್ನೊಬ್ಬರು ಇರಬೇಕು.

ಮತ್ತೆ ಹೊಟ್ಟೆಯಲ್ಲಿದ್ದಾಗ

ವರ್ಷ ತುಂಬಿದ ಭೇಟಿಯ ನಂತರ ನಾವಾಗಿ ಹೋಗುವುದನ್ನು ನಿಲ್ಲಿಸುತ್ತೇವೆ, ಅವರು ಕರೆದರೆ ಹೋಗುತ್ತೇವೆ. ಬಹುತೇಕ ಕರೆಗಳು ಬರುವುದು ಆಕೆ ಮತ್ತೆ ಬಸುರಿಯಾದಾಗ. ಖುಷಿಗಿಂತ ಅಂಜಿಕೆ ಹೆಚ್ಚು. "ಈ ಸಲ ಏನೂ ಆಗಲ್ಲ" ಎಂದು ಮಾತು ಕೊಡಬೇಡಿ. ಮಾಡುವುದಿಷ್ಟು: ತಾಯಿ ಕಾರ್ಡಿನಲ್ಲಿ ಹಿಂದಿನ ಹೆರಿಗೆಯ ವಿವರದಲ್ಲಿ ಹೋದ ಕೂಸನ್ನೂ ಬರೆಸಿ. ಅಪಶಕುನವೆಂದು ಅತ್ತೆ ಮನೆಯವರು ಮುಚ್ಚಿಡುತ್ತಾರೆ, ಆಗ ಇದು ಮೊದಲ ಬಸಿರೆಂದೇ ಡಾಕ್ಟರ್ ತಿಳಿಯುತ್ತಾರೆ, ಅಪಾಯದ ಬಸಿರಿಗೆ ಬೇಕಾದ ನಿಗಾ ತಪ್ಪಿಹೋಗುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ಹಳೆಯ ಡಿಸ್ಚಾರ್ಜ್ ಹಾಳೆ ಹಿಡಿದು ಆ ದಿನ ಹೋಗಲಿ. ಆ ಹಾಳೆಯನ್ನು ಮನೆಯವರು ಕೂಸಿನ ಬಟ್ಟೆಯ ಜೊತೆ ಸುಟ್ಟಿರುವುದೇ ಹೆಚ್ಚು. ಅದಕ್ಕೇ ಮೊದಲ ಭೇಟಿಯಲ್ಲೇ, ಮನೆಯವರನ್ನು ಕೇಳಿ, ಅದರ ಒಂದು ಝೆರಾಕ್ಸ್ ತೆಗೆದು ಕಪಾಟಿನಲ್ಲಿ ಇಟ್ಟಿರಬೇಕು.